ಸಂಗೀತಕ್ಕೆ ಅರ್ಥವಿದೆಯೇ? ಭಾಷೆಯ ತತ್ತ್ವಶಾಸ್ತ್ರವನ್ನು ಬಿಡದೆ ಕಾಡಿದ ಪ್ರಶ್ನೆ

ನಾಲ್ಕು ಸಾಲು ಟೈಪ್ ಮಾಡಿದರೆ ಹಾಡು ಕಟ್ಟಿಕೊಡುವ ತಂತ್ರಾಂಶಗಳು ಈಗ ಎಲ್ಲರ ಕೈಗೂ ಬಂದಿವೆ. 2023ರ ಜನವರಿಯಲ್ಲಿ ಗೂಗಲ್ ‘ಮ್ಯೂಸಿಕ್‌ಎಲ್‌ಎಂ’ ಎಂಬ ಮಾದರಿಯನ್ನು ಪರಿಚಯಿಸಿತು. ಅದೇ ವರ್ಷದ ಜೂನ್‌ನಲ್ಲಿ ಮೆಟಾ ‘ಮ್ಯೂಸಿಕ್‌ಜೆನ್’ ಹೊರತಂದಿತು. ಬರಹ ರಚಿಸುವ ಯಂತ್ರಗಳು ವಾಕ್ಯವನ್ನು ತುಣುಕುಗಳಾಗಿ ಒಡೆದು, ಮುಂದಿನ ತುಣುಕು ಯಾವುದಿರಬಹುದು ಎಂದು ಊಹಿಸುತ್ತ ಹೋಗುತ್ತವಲ್ಲ, ಇವೂ ಹಾಗೆಯೇ. ಒಡೆಯುವುದು ಧ್ವನಿಯನ್ನು, ಅಷ್ಟೇ ವ್ಯತ್ಯಾಸ. ಒಂದೇ ವಿಧಾನ ಎರಡಕ್ಕೂ ಒಗ್ಗುತ್ತದೆ ಎಂದಮೇಲೆ ಸಂಗೀತವೂ ಒಂದು ಭಾಷೆ ಎನ್ನಬಹುದೇ?

ಸಂಗೀತ ವಿಶ್ವಭಾಷೆ ಎಂಬ ಮಾತು ಸಮಾರಂಭಗಳಲ್ಲಿ ಸವೆದುಹೋಗಿದೆ. ಅದನ್ನು ಒರೆಗೆ ಹಚ್ಚಿ ನೋಡಿದವರು ಭಾಷೆಯ ಬಗ್ಗೆ ಚಿಂತಿಸಿದ ತತ್ತ್ವಜ್ಞಾನಿಗಳು. ಸಂಗೀತ ಭಾಷೆಯೇ ಎಂದು ಕೇಳಹೊರಟವರಲ್ಲಿ ಹಲವರು ಕೊನೆಗೆ ‘ಅರ್ಥ’ ಎಂಬುದರ ಬಗ್ಗೆ ತಮಗಿದ್ದ ಕಲ್ಪನೆಯನ್ನೇ ತಿದ್ದಿಕೊಂಡರು. ಈ ಲೇಖನ ಆ ಕಥೆಯನ್ನು ಹಿಂಬಾಲಿಸುತ್ತದೆ.

ಭಾಷೆಯ ತತ್ತ್ವಶಾಸ್ತ್ರ ಏನನ್ನು ಕೇಳುತ್ತದೆ?

ಭಾಷೆಗಳಲ್ಲಿ ಯಾವ ಧ್ವನಿಗಳಿವೆ, ಪದಗಳು ಹೇಗೆ ಹುಟ್ಟುತ್ತವೆ, ವಾಕ್ಯರಚನೆ ಹೇಗೆ ನಡೆಯುತ್ತದೆ ಎಂಬುದನ್ನು ಭಾಷಾವಿಜ್ಞಾನ ನೋಡಿಕೊಳ್ಳುತ್ತದೆ. ಭಾಷೆಯ ತತ್ತ್ವಶಾಸ್ತ್ರದ ಪ್ರಶ್ನೆ ಬುಡದ್ದು. ಬಾಯಿಂದ ಹೊರಟ ಒಂದು ಸದ್ದು ಲೋಕದ ಯಾವುದೋ ಸಂಗತಿಯ ‘ಬಗ್ಗೆ’ ಆಗುವುದಾದರೂ ಹೇಗೆ? ಅರ್ಥ ಇರುವುದು ವಸ್ತುವಿನಲ್ಲೋ, ಮನಸ್ಸಿನಲ್ಲೋ, ಬಳಕೆಯಲ್ಲೋ?

ಆಧುನಿಕ ಚರ್ಚೆಗೆ ತಳಪಾಯ ಹಾಕಿದವನು ಜರ್ಮನಿಯ ಗಣಿತಜ್ಞ ಗಾಟ್ಲೊಬ್ ಫ್ರೇಗ. 1892ರ ಪ್ರಬಂಧವೊಂದರಲ್ಲಿ ಅವನು ಕೊಟ್ಟ ಉದಾಹರಣೆ ಇಂದಿಗೂ ಪಾಠ. ‘ಬೆಳಗಿನ ನಕ್ಷತ್ರ’, ‘ಸಂಜೆಯ ನಕ್ಷತ್ರ’ ಎಂಬ ಎರಡು ಹೆಸರುಗಳೂ ಸೂಚಿಸುವುದು ಶುಕ್ರಗ್ರಹವನ್ನೇ. ಆದರೂ ‘ಬೆಳಗಿನ ನಕ್ಷತ್ರವೇ ಬೆಳಗಿನ ನಕ್ಷತ್ರ’ ಎಂದರೆ ಏನೂ ಹೇಳಿದಂತಾಗಲಿಲ್ಲ. ‘ಬೆಳಗಿನ ನಕ್ಷತ್ರವೇ ಸಂಜೆಯ ನಕ್ಷತ್ರ’ ಎಂದರೆ ಅದು ಖಗೋಳದ ತಿಳಿವಳಿಕೆ. ಹಾಗಾಗಿ ಪದ ಸೂಚಿಸುವ ವಸ್ತು ಬೇರೆ, ಆ ವಸ್ತುವನ್ನು ಅದು ನಮ್ಮ ಮುಂದಿಡುವ ರೀತಿ ಬೇರೆ. ಈ ಎರಡರ ಜೊತೆಗೆ ಫ್ರೇಗ ಮೂರನೆಯದೊಂದನ್ನೂ ಗಮನಿಸಿದ. ಕವಿಗಳೂ ವಾಗ್ಮಿಗಳೂ ಮಾತಿಗೆ ಕೊಡುವ ‘ಬಣ್ಣ’ ಅದು. ಗಮನಿಸಿ, ಪಕ್ಕಕ್ಕಿಟ್ಟ. ವಾಕ್ಯ ನಿಜವೋ ಸುಳ್ಳೋ ಎಂಬುದನ್ನು ಈ ಬಣ್ಣ ಬದಲಿಸುವುದಿಲ್ಲವಾದ್ದರಿಂದ ತರ್ಕಕ್ಕೆ ಅದರ ಕೆಲಸವಿಲ್ಲ ಎಂಬುದು ಅವನ ನಿಲುವು. ಪಕ್ಕಕ್ಕಿಟ್ಟ ಈ ಬಣ್ಣವನ್ನು ಓದುಗರು ನೆನಪಿನಲ್ಲಿಡಬೇಕು. ಸಂಗೀತದ ಪ್ರಶ್ನೆ ಸುತ್ತಿ ಸುತ್ತಿ ಅಲ್ಲಿಗೇ ಬರುತ್ತದೆ.

ಈ ದಾರಿಯಲ್ಲಿ ನಡೆದವರ ಪ್ರಕಾರ ಭಾಷೆ ಎನಿಸಿಕೊಳ್ಳಲು ಕೆಲವು ಗುಣ ಬೇಕು. ಪದಗಳು ಏನನ್ನಾದರೂ ಸೂಚಿಸಬೇಕು. ಬಿಡಿ ಪದಗಳ ಅರ್ಥವೂ ಅವುಗಳ ಜೋಡಣೆಯೂ ಗೊತ್ತಿದ್ದರೆ ಹಿಂದೆಂದೂ ಕೇಳದ ವಾಕ್ಯವೂ ಅರ್ಥವಾಗಬೇಕು. ಹೇಳಿದ್ದನ್ನು ನಿಜ ಅಥವಾ ಸುಳ್ಳು ಎನ್ನಲು ಬರಬೇಕು, ಅಲ್ಲಗಳೆಯಲು ಸಾಧ್ಯವಾಗಬೇಕು. ‘ಮಳೆ ಬರುತ್ತಿಲ್ಲ’ ಎಂಬುದನ್ನು ಕೊಳಲಿನಲ್ಲಿ ನುಡಿಸುವುದು ಹೇಗೆ? ಮಳೆಯ ಸದ್ದನ್ನು ಅನುಕರಿಸಬಹುದು. ‘ಇಲ್ಲ’ ಎಂಬುದಕ್ಕೆ ಯಾವ ಸ್ವರ?

ಸ್ವರಗಳೇ ಪದಗಳಾದಾಗ

ಹಾಗಾದರೆ ಸ್ವರಗಳಿಂದ ಭಾಷೆ ಕಟ್ಟಲು ಆಗುವುದೇ ಇಲ್ಲವೇ? ಆಗುತ್ತದೆ, ಕಟ್ಟಿದ್ದಾರೆ ಕೂಡ.

ಸ್ಪೇನ್‌ಗೆ ಸೇರಿದ ಕ್ಯಾನರಿ ದ್ವೀಪಗಳಲ್ಲಿ ಲಾ ಗೊಮೇರ ಒಂದು. ಆಳವಾದ ಕಣಿವೆಗಳ ಆ ದ್ವೀಪದಲ್ಲಿ ಜನ ಒಂದು ದಿಬ್ಬದಿಂದ ಇನ್ನೊಂದಕ್ಕೆ ಶಿಳ್ಳೆಯಲ್ಲೇ ಮಾತಾಡುವ ರೂಢಿ ಇದೆ. ಸ್ಪ್ಯಾನಿಷ್ ಭಾಷೆಯ ಸ್ವರ ವ್ಯಂಜನಗಳನ್ನೇ ಶಿಳ್ಳೆಯ ಏರಿಳಿತಕ್ಕೆ ಇಳಿಸಿದ ಪದ್ಧತಿ ಅದು. ‘ಸಿಲ್ಬೊ ಗೊಮೇರೊ’ ಎಂಬ ಹೆಸರಿನ ಅದನ್ನು 2009ರಲ್ಲಿ ಯುನೆಸ್ಕೊ ಪರಂಪರೆಯ ಪಟ್ಟಿಗೆ ಸೇರಿಸಿತು. ಹೊರಗಿನವರ ಕಿವಿಗೆ ಅದು ಹಕ್ಕಿಯ ಕೂಗು. ಬಲ್ಲವರನ್ನು ‘ಅವನು ಏನಂದ?’ ಎಂದು ಕೇಳಿದರೆ ಖಚಿತ ಉತ್ತರ ಸಿಗುತ್ತದೆ.

ಇದಕ್ಕಿಂತ ಸ್ವಾರಸ್ಯದ ಪ್ರಯೋಗ ಫ್ರಾನ್ಸ್‌ನ ಸಂಗೀತ ಶಿಕ್ಷಕ ಫ್ರಾಂಸ್ವಾ ಸುದ್ರ್‌ನದು. 19ನೇ ಶತಮಾನದಲ್ಲಿ ಅವನು ಪಾಶ್ಚಾತ್ಯ ಸಂಗೀತದ ದೊ, ರೆ, ಮಿ, ಫಾ, ಸೊಲ್, ಲಾ, ಸಿ ಎಂಬ ಏಳು ಸ್ವರಗಳಿಂದಲೇ ‘ಸೊಲ್‌ರೆಸೊಲ್’ ಎಂಬ ಇಡೀ ಭಾಷೆಯನ್ನು ರಚಿಸಿದ. ‘ದೊರೆ’ ಎಂದರೆ ನಾನು, ‘ದೊಮಿ’ ಎಂದರೆ ನೀನು, ‘ದೊರೆ ಮಿಲಾಸಿ ದೊಮಿ’ ಎಂದರೆ ನಾನು ನಿನ್ನನ್ನು ಪ್ರೀತಿಸುತ್ತೇನೆ. ಸ್ವರಕ್ರಮ ತಿರುಗಿಸಿದರೆ ಅರ್ಥವೂ ತಿರುಗುತ್ತದೆ: ‘ಮಿಸೊಲ್’ ಒಳ್ಳೆಯದು, ‘ಸೊಲ್‌ಮಿ’ ಕೆಟ್ಟದ್ದು. ಪಿಟೀಲಿನಲ್ಲಿ ನುಡಿಸಿದರೂ ಸಂದೇಶ ತಲುಪುತ್ತದೆ. ಅವನು ತೀರಿಕೊಂಡ ಬಳಿಕ 1866ರಲ್ಲಿ ಇದರ ನಿಘಂಟು ಅಚ್ಚಾಯಿತು.

ಇವೆರಡರಿಂದ ಒಂದು ಸಂಗತಿ ಸ್ಪಷ್ಟವಾಗುತ್ತದೆ. ಸ್ವರ ಎಂಬ ಸಾಮಗ್ರಿಯಿಂದ ಭಾಷೆ ಮಾಡಬಹುದು. ಹಾಗೆ ಮಾಡಿದಾಗ ಸ್ವರ ಇಂಪಾಗಿದೆಯೇ ಎಂಬುದು ಲೆಕ್ಕಕ್ಕೆ ಬರುವುದಿಲ್ಲ. ಗುರುತು ಸಿಕ್ಕರೆ ಸಾಕು. ಸೊಲ್‌ರೆಸೊಲ್‌ನಲ್ಲಿ ಅತ್ಯಂತ ಕೋಮಲವಾದ ವಾಕ್ಯ ಕಿವಿಗೆ ಒರಟಾಗಿ ಕೇಳಬಹುದು. ಭಾಷೆಗೂ ಸಂಗೀತಕ್ಕೂ ಇರುವ ವ್ಯತ್ಯಾಸ ಸದ್ದಿನಲ್ಲಿಲ್ಲ, ಸದ್ದಿನಿಂದ ನಾವು ಪಡೆಯುವ ಕೆಲಸದಲ್ಲಿದೆ.

‘ಕಳೆದುಕೊಂಡೆ’ ಎಂಬಲ್ಲಿ ‘ಪಡೆದುಕೊಂಡೆ’

ಸಂಗೀತಕ್ಕೆ ನಿಘಂಟಿಲ್ಲ, ಸರಿ. ಆದರೆ ದುಃಖ, ಸಂತೋಷ, ಕೋಪ ಇವನ್ನಾದರೂ ಅದು ಹೇಳುತ್ತದಲ್ಲವೇ? ಬಹಳ ಮಂದಿ ಇಲ್ಲಿಗೆ ಬಂದು ನಿಲ್ಲುತ್ತಾರೆ. ವಿಯೆನ್ನಾದ ವಿಮರ್ಶಕ ಎಡ್ವರ್ಡ್ ಹಾನ್ಸ್ಲಿಕ್ 1854ರಲ್ಲಿ ಈ ನಂಬಿಕೆಗೇ ಕೊಡಲಿ ಹಾಕಿದ.

ಅವನು ಎತ್ತಿಕೊಂಡ ಸಾಕ್ಷಿ ಸಂಗೀತಕಾರ ಗ್ಲುಕ್ 1762ರಲ್ಲಿ ರಂಗಕ್ಕೆ ತಂದ ಆರ್ಫಿಯಸ್‌ನ ಸಂಗೀತನಾಟಕದ ಒಂದು ಹೆಸರಾಂತ ಹಾಡು. ಹೆಂಡತಿಯನ್ನು ಸಾವಿನಿಂದ ಬಿಡಿಸಿ ತರಲು ಹೋದ ಆರ್ಫಿಯಸ್ ಮತ್ತೆ ಅವಳನ್ನು ಕಳೆದುಕೊಂಡು ಹಾಡುವ ಸಂದರ್ಭ. ಕೇಳಿದವರೆಲ್ಲ ಕಣ್ಣೀರು ಹಾಕಿದ ರಾಗ. ಗ್ಲುಕ್‌ನ ಕಾಲದವನೇ ಒಬ್ಬ ಮಾಡಿದ್ದ ಚೇಷ್ಟೆಯನ್ನು ಹಾನ್ಸ್ಲಿಕ್ ನೆನಪಿಸುತ್ತಾನೆ. ‘ಕಳೆದುಕೊಂಡೆ’ ಎಂಬಲ್ಲಿ ‘ಪಡೆದುಕೊಂಡೆ’ ಎಂದೂ, ‘ನನ್ನ ದುಃಖಕ್ಕೆ ಸಾಟಿಯಿಲ್ಲ’ ಎಂಬಲ್ಲಿ ‘ನನ್ನ ಸುಖಕ್ಕೆ ಸಾಟಿಯಿಲ್ಲ’ ಎಂದೂ ಹಾಡಿದರೆ ಅದೇ ರಾಗ ಅಷ್ಟೇ ಚೆನ್ನಾಗಿ ಹೊಂದುತ್ತದೆ! ದುಃಖ ಇದ್ದದ್ದು ಮಾತಿನಲ್ಲಿ, ರಾಗದಲ್ಲಲ್ಲ ಎಂಬುದು ವಾದ. ಸಂಗೀತದ ಹೂರಣ ಎಂದರೆ ನಾದದಲ್ಲಿ ಚಲಿಸುವ ಆಕೃತಿಗಳು, ಬೇರೇನೂ ಅಲ್ಲ ಎಂಬುದು ಅವನ ತೀರ್ಮಾನ. ಸಂಗೀತ ಮನಸ್ಸನ್ನು ಅಲುಗಿಸುವುದಿಲ್ಲ ಎಂದು ಅವನು ಹೇಳಲಿಲ್ಲ. ಅಲುಗಿಸುವುದೇ ಬೇರೆ, ಆ ಭಾವವನ್ನು ‘ಹೇಳುವುದೇ’ ಬೇರೆ ಎಂದ. ಅವನನ್ನು ಬೈಯುವವರು ಈ ಅಂತರವನ್ನು ಮರೆಯುವುದುಂಟು.

ಇದಕ್ಕೆ ಹನ್ನೆರಡು ವರ್ಷ ಮೊದಲು, 1842ರಲ್ಲಿ, ಸಂಗೀತಕಾರ ಮೆಂಡೆಲ್‌ಸನ್ ಒಂದು ಪತ್ರದಲ್ಲಿ ತಲೆಕೆಳಗಾದ ಮಾತು ಬರೆದಿದ್ದ. ಸಂಗೀತ ಅಸ್ಪಷ್ಟ, ಮಾತು ಸ್ಪಷ್ಟ ಎಂದು ಜನ ದೂರುತ್ತಾರೆ, ತನಗೆ ಅನ್ನಿಸುವುದು ಇದರ ವಿರುದ್ಧ; ತಾನು ಪ್ರೀತಿಸುವ ಸಂಗೀತ ಹೇಳುವ ವಿಚಾರಗಳು ಮಾತಿಗೆ ಸಿಗದಷ್ಟು ನಿಖರವಾಗಿವೆ ಎಂಬುದು ಅದರ ಸಾರ. ರಾಗಕ್ಕೆ ತಕ್ಕ ವಾಕ್ಯ ಸಿಗುವುದಿಲ್ಲ ಎಂಬುದರಲ್ಲಿ ಇಬ್ಬರದೂ ಒಮ್ಮತ. ಒಬ್ಬನ ಪ್ರಕಾರ ಹೇಳಲು ಏನೂ ಇಲ್ಲದ್ದರಿಂದ, ಇನ್ನೊಬ್ಬನ ಪ್ರಕಾರ ಹೇಳಿದ್ದು ತೀರ ಸೂಕ್ಷ್ಮವಾದ್ದರಿಂದ.

ವ್ಯಾಕರಣವಿದೆ, ನಿಘಂಟಿಲ್ಲ

1957ರಲ್ಲಿ ಭಾಷಾವಿಜ್ಞಾನಿ ನೋಮ್ ಚಾಮ್‌ಸ್ಕಿ ಒಂದು ವಿಚಿತ್ರ ವಾಕ್ಯ ಕೊಟ್ಟ: ಬಣ್ಣವಿಲ್ಲದ ಹಸಿರು ವಿಚಾರಗಳು ಆವೇಶದಿಂದ ನಿದ್ರಿಸುತ್ತವೆ. ಅರ್ಥ ಶೂನ್ಯ, ವ್ಯಾಕರಣ ಶುದ್ಧ. ವ್ಯಾಕರಣ ಅರ್ಥದ ಹಂಗಿಲ್ಲದೆ ನಿಲ್ಲಬಲ್ಲದು ಎಂದು ತೋರಿಸುವುದು ಅವನ ಉದ್ದೇಶವಾಗಿತ್ತು. ಹಾಗಿದ್ದರೆ ಸಂಗೀತವನ್ನು ‘ಅರ್ಥವಿಲ್ಲದ ವ್ಯಾಕರಣ’ ಎಂದು ನೋಡಬಹುದಲ್ಲ ಎಂಬ ಯೋಚನೆ ಸಹಜವಾಗಿ ಹುಟ್ಟಿತು. 1973ರಲ್ಲಿ ಸಂಗೀತ ನಿರ್ದೇಶಕ ಲಿಯೊನಾರ್ಡ್ ಬರ್ನ್‌ಸ್ಟೈನ್ ಹಾರ್ವರ್ಡ್‌ನಲ್ಲಿ ಉಪನ್ಯಾಸ ಮಾಲೆ ನೀಡಿ, ಚಾಮ್‌ಸ್ಕಿಯ ಪರಿಕಲ್ಪನೆಗಳನ್ನು ಸಂಗೀತಕ್ಕೆ ಒಗ್ಗಿಸಲು ನೋಡಿದ. ಉತ್ಸಾಹ ಹೆಚ್ಚು, ಬಿಗಿ ಕಡಿಮೆ. ಹತ್ತು ವರ್ಷದ ನಂತರ, 1983ರಲ್ಲಿ, ಸಂಗೀತ ರಚನಕಾರ ಫ್ರೆಡ್ ಲೆರ್ಡಾಲ್ ಮತ್ತು ಭಾಷಾವಿಜ್ಞಾನಿ ರೇ ಜಾಕೆಂಡಾಫ್ ಸೇರಿ ಅದೇ ಕೆಲಸವನ್ನು ಶಿಸ್ತಿನಿಂದ ಮಾಡಿದರು.

ಅವರು ಕಂಡದ್ದರಲ್ಲಿ ಎರಡು ಅಂಶ ಮುಖ್ಯ. ಒಂದು, ಕೇಳುವ ಮನಸ್ಸು ಸ್ವರಗಳನ್ನು ಮಣಿಸರದಂತೆ ಒಂದರ ಹಿಂದೊಂದು ಪೋಣಿಸುವುದಿಲ್ಲ. ಗುಂಪು ಮಾಡುತ್ತದೆ, ಗುಂಪುಗಳನ್ನು ದೊಡ್ಡ ಗುಂಪಿಗೆ ಸೇರಿಸುತ್ತದೆ, ಕೆಲವು ಸ್ವರಗಳನ್ನು ಪ್ರಧಾನವೆಂದೂ ಉಳಿದವನ್ನು ಅಲಂಕಾರವೆಂದೂ ಕೇಳುತ್ತದೆ. ವಾಕ್ಯದೊಳಗೆ ಉಪವಾಕ್ಯ ಕೂರುವುದೂ ಇದೇ ಬಗೆಯ ಶ್ರೇಣಿಯಲ್ಲಿ. ಎರಡು, ಸಂಗೀತದ ನಿಯಮಗಳು ‘ಸರಿ, ತಪ್ಪು’ ಎಂದು ಕಡ್ಡಿ ಮುರಿದಂತೆ ಹೇಳುವುದಿಲ್ಲ. ‘ಹೀಗೆ ಕೇಳುವುದು ಹಾಗೆ ಕೇಳುವುದಕ್ಕಿಂತ ಸಹಜ’ ಎನ್ನುತ್ತವೆ. ‘ನಾನು ನಾಳೆ ಹೋದೆ’ ಎಂದರೆ ಅದು ತಪ್ಪು ಕನ್ನಡ, ಅಲ್ಲಿಗೆ ಮುಗಿಯಿತು. ಸಂಗೀತದಲ್ಲಿ ನಿರೀಕ್ಷೆ ತಪ್ಪಿದ ಜಾಗವೇ ಎಷ್ಟೋ ಸಲ ಮೈ ಜುಮ್ಮೆನ್ನಿಸುವ ಜಾಗ. ಭಾವ ಹುಟ್ಟುವುದೇ ನಿರೀಕ್ಷೆ ತಡವಾದಾಗ ಅಥವಾ ತಪ್ಪಿದಾಗ ಎಂದು ಸಂಗೀತಶಾಸ್ತ್ರಜ್ಞ ಲಿಯೊನಾರ್ಡ್ ಮೇಯರ್ 1956ರಲ್ಲೇ ವಾದಿಸಿದ್ದ.

ಮುಂದಿನ ತುಣುಕು ಊಹಿಸುವ ಯಂತ್ರಗಳಿಗೆ ಚೆನ್ನಾಗಿ ದಕ್ಕಿರುವುದು ಈ ನಿರೀಕ್ಷೆಯ ಪದರ. ಎರಡೂ ಕಡೆ ಕ್ರಮಬದ್ಧ ಮಾದರಿಗಳಿವೆ ಎಂಬುದನ್ನು ಅವುಗಳ ಯಶಸ್ಸು ತೋರಿಸುತ್ತದೆ. ಎರಡೂ ಕಡೆ ಒಂದೇ ಬಗೆಯ ಅರ್ಥವಿದೆ ಎಂದು ತೋರಿಸುವುದಿಲ್ಲ.

ಆನಂದವರ್ಧನ ಕರೆದ ಸಾಕ್ಷಿ

ಸಂಗೀತವನ್ನು ಮುಂದಿಟ್ಟುಕೊಂಡು ಅರ್ಥಸಿದ್ಧಾಂತವನ್ನೇ ಪರೀಕ್ಷಿಸಿದ ಹಳೆಯ ಉದಾಹರಣೆಯೊಂದು 9ನೇ ಶತಮಾನದ ಕಾಶ್ಮೀರದ್ದು.

ಪದಕ್ಕೆ ನೇರ ಅರ್ಥ ಕೊಡುವ ಶಕ್ತಿಗೆ ಅಭಿಧೆ ಎಂದು ಹೆಸರು. ನೇರ ಅರ್ಥ ಹೊಂದದಿದ್ದಾಗ ಹತ್ತಿರದ ಇನ್ನೊಂದು ಅರ್ಥಕ್ಕೆ ಜಾರುವುದು ಲಕ್ಷಣೆ. ಅಲಂಕಾರಶಾಸ್ತ್ರದ ಪ್ರಸಿದ್ಧ ಉದಾಹರಣೆ ‘ಗಂಗೆಯ ಮೇಲೆ ಹಳ್ಳಿ’. ನೀರಿನ ಮೇಲೆ ಹಳ್ಳಿ ಇರಲಾರದು, ಆದ್ದರಿಂದ ದಡದ ಮೇಲೆ ಎಂದು ತಿಳಿಯುತ್ತೇವೆ. ಆದರೆ ‘ದಡದ ಮೇಲೆ’ ಎನ್ನದೆ ‘ಗಂಗೆಯ ಮೇಲೆ’ ಎಂದಾಗ ತಂಪು, ಪಾವನತೆ ಕೂಡ ಹೊಳೆಯುತ್ತವಲ್ಲ, ಅದು ಎಲ್ಲಿಂದ ಬಂತು? ಇದಕ್ಕೆ ಕಾವ್ಯಮೀಮಾಂಸಕ ಆನಂದವರ್ಧನ ವ್ಯಂಜನೆ ಎಂಬ ಬೇರೆಯದೇ ಶಕ್ತಿ ಬೇಕು ಎಂದ. ಕಾವ್ಯದ ಜೀವ ಇರುವುದು ಹೀಗೆ ಹೊಳೆಯುವ ಸೂಚ್ಯಾರ್ಥದಲ್ಲಿ, ಅವನ ಮಾತಿನಲ್ಲಿ ‘ಧ್ವನಿ’ಯಲ್ಲಿ, ಎಂಬುದು ಅವನ ಸಿದ್ಧಾಂತ.

ಎದುರಾಳಿಗಳು ಸುಮ್ಮನಿರಲಿಲ್ಲ. ಹೊಸ ಶಕ್ತಿ ಯಾಕೆ, ಅಭಿಧೆಯನ್ನೇ ಸ್ವಲ್ಪ ಉದ್ದ ಎಳೆದರೆ ಸಾಲದೇ ಎಂದರು. ಆಗ ಆನಂದವರ್ಧನ ತನ್ನ ಗ್ರಂಥ ಧ್ವನ್ಯಾಲೋಕದ ಮೂರನೆಯ ಉದ್ಯೋತದಲ್ಲಿ, ಅಂದರೆ ಅಧ್ಯಾಯದಲ್ಲಿ, ಗೀತದ ನಾದವನ್ನು ಸಾಕ್ಷಿಗೆ ಕರೆಯುತ್ತಾನೆ. ಆ ನಾದಕ್ಕೆ ವಾಚಕಶಕ್ತಿಯೇ ಇಲ್ಲ, ಅಂದರೆ ಅದು ಯಾವ ವಸ್ತುವಿನ ಹೆಸರೂ ಅಲ್ಲ. ಆದರೂ ಅದರಿಂದ ರಸ ತೋರುತ್ತದೆ. ಹೆಸರಿಸುವ ಶಕ್ತಿ ಇಲ್ಲದಲ್ಲೂ ವ್ಯಂಜಿಸುವ ಶಕ್ತಿ ಇದೆ ಎಂದಮೇಲೆ ಎರಡೂ ಒಂದೇ ಆಗುವುದು ಹೇಗೆ?

ಇಲ್ಲಿ ವಾದದ ದಿಕ್ಕನ್ನು ಗಮನಿಸಬೇಕು. ಸಂಗೀತ ಭಾಷೆಯ ಮಟ್ಟಕ್ಕೆ ಏರುತ್ತದೆಯೇ ಎಂದು ಅವನು ಕೇಳುತ್ತಿಲ್ಲ. ಭಾಷೆಯೊಳಗೇ ಸಂಗೀತದ ರೀತಿಯ ಒಂದು ಶಕ್ತಿ ಕೆಲಸ ಮಾಡುತ್ತಿದೆ ಎನ್ನುತ್ತಿದ್ದಾನೆ. ಸಾವಿರ ವರ್ಷದ ನಂತರ ಫ್ರೇಗ ‘ಬಣ್ಣ’ ಎಂದು ಪಕ್ಕಕ್ಕಿಟ್ಟದ್ದಕ್ಕೆ ತೀರ ಹತ್ತಿರವಾದದ್ದನ್ನು ಇವನು ನಡುಮನೆಯಲ್ಲೇ ಕೂರಿಸಿದ್ದ. ಇಬ್ಬರ ಅಗತ್ಯಗಳು ಬೇರೆ, ನಿಜ: ಒಬ್ಬನಿಗೆ ಗಣಿತದ ಪ್ರಮಾಣಗಳು ಬೇಕಿದ್ದವು, ಇನ್ನೊಬ್ಬನಿಗೆ ಕಾವ್ಯದ ಒಳಗುಟ್ಟು.

ಹೇಳುವುದು, ತೋರುವುದು

20ನೇ ಶತಮಾನದಲ್ಲಿ ಅಮೆರಿಕದ ಇಬ್ಬರು ತತ್ತ್ವಜ್ಞಾನಿಗಳು ಇನ್ನೊಂದು ದಾರಿ ಹುಡುಕಿದರು. ಸೂಸನ್ ಲ್ಯಾಂಗರ್ 1942ರಲ್ಲಿ ಹೇಳಿದ್ದು: ಸಂಗೀತ ಭಾವಗಳ ಹೆಸರು ಹೇಳುವುದಿಲ್ಲ, ಭಾವಗಳ ಆಕಾರವನ್ನು ಹೊತ್ತಿರುತ್ತದೆ. ಏರುವುದು, ಬಿಗಿಯುವುದು, ತಡೆಯುವುದು, ಸಡಿಲುವುದು ಇವು ಭಾವಕ್ಕೂ ರಾಗಕ್ಕೂ ಸಮಾನ. ಯಾವ ಭಾವ ಎಂಬುದು ಕೊನೆಗೂ ನಿಗದಿಯಾಗದೆ ಉಳಿಯುತ್ತದೆ. ಗ್ಲುಕ್‌ನ ರಾಗ ದುಃಖಕ್ಕೂ ಸುಖಕ್ಕೂ ಹೊಂದಿದ್ದು ಯಾಕೆ ಎಂಬುದಕ್ಕೆ ಇದೊಂದು ಉತ್ತರವಾಗುತ್ತದೆ: ಉಕ್ಕಿ ಬರುವ ದುಃಖಕ್ಕೂ ಉಕ್ಕಿ ಬರುವ ಸುಖಕ್ಕೂ ಉಕ್ಕುವಿಕೆ ಒಂದೇ.

ನೆಲ್ಸನ್ ಗುಡ್‌ಮನ್ 1968ರಲ್ಲಿ ಕೊಟ್ಟ ಹೋಲಿಕೆ ಇನ್ನೂ ಸರಳ. ದರ್ಜಿ ತೋರಿಸುವ ಬಟ್ಟೆಯ ಮಾದರಿ ತುಂಡು ಬಟ್ಟೆಯನ್ನು ವರ್ಣಿಸುವುದಿಲ್ಲ. ತನ್ನಲ್ಲೇ ಇರುವ ಬಣ್ಣ, ನೇಯ್ಗೆಗಳನ್ನು ಮುಂದೆ ಮಾಡಿ ತೋರುತ್ತದೆ. ತನ್ನಲ್ಲಿರುವ ಎಲ್ಲವನ್ನೂ ಅಲ್ಲ: ತುಂಡು ಚಿಕ್ಕದಿದ್ದ ಮಾತ್ರಕ್ಕೆ ಬಟ್ಟೆಯೂ ಚಿಕ್ಕದು ಎಂದು ಯಾರೂ ತಿಳಿಯುವುದಿಲ್ಲ. ಪದ ತನ್ನ ಹೊರಗಿನ ವಸ್ತುವನ್ನು ಸೂಚಿಸಿದರೆ, ಮಾದರಿ ತನ್ನೊಳಗಿನ ಗುಣವನ್ನು ಸೂಚಿಸುತ್ತದೆ. ಸಂಗೀತ ಮಾದರಿಯ ಜಾತಿಗೆ ಸೇರಿದ್ದು. ದುಃಖದ ಗುಣ ಮಾತ್ರ ಅದರಲ್ಲಿ ಅಕ್ಷರಶಃ ಇಲ್ಲ, ರೂಪಕದ ಮಟ್ಟದಲ್ಲಿದೆ.

ವಿಟ್‌ಗೆನ್‌ಸ್ಟೈನ್ ಪ್ರಶ್ನೆಯನ್ನು ತಿರುಗಿಸಿದ ಬಗೆ

ಈ ಚರ್ಚೆಯಲ್ಲಿ ಸಂಗೀತ ಮನೆಮಾತಾಗಿದ್ದ ತತ್ತ್ವಜ್ಞಾನಿ ಎಂದರೆ ಲುಡ್ವಿಗ್ ವಿಟ್‌ಗೆನ್‌ಸ್ಟೈನ್. 1889ರಲ್ಲಿ ವಿಯೆನ್ನಾದಲ್ಲಿ ಅವನು ಹುಟ್ಟಿದ ಮನೆಗೆ ಸಂಗೀತಕಾರ ಬ್ರಾಮ್ಸ್ ಬಂದು ಹೋಗುತ್ತಿದ್ದ. ಅಣ್ಣ ಪಾಲ್ ಪಿಯಾನೊ ವಾದಕ. ಮೊದಲ ಮಹಾಯುದ್ಧದಲ್ಲಿ ಬಲಗೈ ಹೋದರೂ ಎಡಗೈಯಲ್ಲೇ ಕಚೇರಿ ಮುಂದುವರಿಸಿದವನು. ಎಡಗೈಗೆಂದೇ ಸಂಗೀತಕಾರ ರಾವೆಲ್ ರಚಿಸಿದ ಕನ್ಚೆರ್ಟೊ (ವಾದ್ಯವೃಂದದ ಜೊತೆ ಒಂಟಿ ವಾದ್ಯ ನುಡಿಸುವ ರಚನೆ) ಅವನಿಗಾಗಿ ಬರೆದದ್ದು. ಲುಡ್ವಿಗ್ ತಾನೇ ಕ್ಲಾರಿನೆಟ್ ಕಲಿತಿದ್ದ.

1921ರಲ್ಲಿ ಪ್ರಕಟವಾದ ಮೊದಲ ಕೃತಿಯಲ್ಲಿ ಅವನು ಫ್ರೇಗನ ದಾರಿಯಲ್ಲೇ ಇದ್ದ. ವಾಕ್ಯ ಎಂದರೆ ಸಂಗತಿಯ ಚಿತ್ರ ಎಂಬುದು ಆಗಿನ ಸಿದ್ಧಾಂತ. ಚಿತ್ರ ಎಂದರೆ ನೋಡಲು ಹೋಲಬೇಕೆಂದಿಲ್ಲ ಎಂದು ವಿವರಿಸಲು ಅವನು ಗ್ರಾಮಫೋನ್ ತಟ್ಟೆಯನ್ನು ತರುತ್ತಾನೆ. ತಟ್ಟೆಯ ಗೀರು, ಹಾಳೆಯ ಮೇಲಿನ ಸ್ವರಲಿಪಿ, ಗಾಳಿಯ ಅಲೆ ಒಂದಕ್ಕೊಂದು ಹೋಲುವುದಿಲ್ಲ. ಆದರೆ ಒಂದರಿಂದ ಇನ್ನೊಂದನ್ನು ಪಡೆಯುವ ನಿಯಮವಿದೆ. ವಾಕ್ಯಕ್ಕೂ ಲೋಕಕ್ಕೂ ಇರುವ ನಂಟು ಅಂಥದ್ದು.

ಮುಂದೆ ಈ ಸಿದ್ಧಾಂತವನ್ನು ಅವನೇ ಕೈಬಿಟ್ಟ. ತೀರಿಕೊಂಡ ಎರಡು ವರ್ಷಕ್ಕೆ, 1953ರಲ್ಲಿ, ಹೊರಬಂದ ಕೃತಿಯಲ್ಲಿ ಅರ್ಥವನ್ನು ಬಳಕೆಯಲ್ಲಿ ಹುಡುಕುತ್ತಾನೆ. ಅಲ್ಲೊಂದು ಮಾತಿದೆ: ವಾಕ್ಯವನ್ನು ಅರ್ಥಮಾಡಿಕೊಳ್ಳುವುದು ರಾಗವೊಂದನ್ನು ಅರ್ಥಮಾಡಿಕೊಳ್ಳುವುದಕ್ಕೆ ನಾವು ಎಣಿಸುವುದಕ್ಕಿಂತ ಎಷ್ಟೋ ಹತ್ತಿರ. ಅಲ್ಲಿಯವರೆಗೆ ಸಂಗೀತವನ್ನು ಭಾಷೆಯ ಅಳತೆಯಿಂದ ನೋಡುತ್ತಿದ್ದರು. ಇವನು ಭಾಷೆಯನ್ನು ಸಂಗೀತದ ಕಡೆಯಿಂದ ನೋಡಿದ.

ಇದರ ಅರ್ಥವೇನು? ವಿದ್ಯಾರ್ಥಿಯೊಬ್ಬ ಕೀರ್ತನೆಯ ಸ್ವರಗಳನ್ನೆಲ್ಲ ಚಾಚೂ ತಪ್ಪದೆ ಹಾಡುತ್ತಾನೆ, ಆದರೂ ‘ಇವನಿಗೆ ಅರ್ಥವಾಗಿಲ್ಲ’ ಎನಿಸುತ್ತದೆ. ಗುರು ಏನು ಮಾಡುತ್ತಾರೆ? ಯಾವ ಪದಾರ್ಥವನ್ನೂ ವಿವರಿಸುವುದಿಲ್ಲ. ‘ಇಲ್ಲಿ ಪ್ರಶ್ನೆ ಕೇಳಿದ ಹಾಗೆ ನಿಲ್ಲಿಸು, ಇದು ಅದಕ್ಕೆ ಉತ್ತರ’ ಎನ್ನುತ್ತಾರೆ, ಕೈಯಾಡಿಸುತ್ತಾರೆ, ತಾವೇ ಒಮ್ಮೆ ಹಾಡಿ ತೋರಿಸುತ್ತಾರೆ. ಆಮೇಲೆ ಅವನು ಸರಿಯಾದ ಜಾಗದಲ್ಲಿ ಉಸಿರು ತೆಗೆದುಕೊಂಡು ಹಾಡಿದರೆ ಅರ್ಥವಾಯಿತು ಎನ್ನುತ್ತೇವೆ. ಅವನ ತಲೆಯೊಳಗೆ ಯಾವ ಚಿತ್ರ ಮೂಡಿತು ಎಂದು ವಿಚಾರಿಸುವುದಿಲ್ಲ. ಭಾಷೆಯಲ್ಲೂ ಅರ್ಥವಾಗುವುದು ಎಂದರೆ ಬಹುಪಾಲು ಇಂಥ ಹದ ಸಿಗುವುದು, ತಲೆಯೊಳಗೆ ನಡೆಯುವ ಗುಪ್ತ ಘಟನೆಯಲ್ಲ ಎಂಬುದು ವಿಟ್‌ಗೆನ್‌ಸ್ಟೈನ್‌ನ ಸೂಚನೆ. ‘ಆಯ್ತು ಬಿಡಿ’ ಎಂಬ ಎರಡು ಪದ ಒಪ್ಪಿಗೆಯಾಗಬಹುದು, ಮುನಿಸಾಗಬಹುದು, ಸಮಾಧಾನವಾಗಬಹುದು. ನಿಘಂಟಿನಲ್ಲಿ ಹುಡುಕಿದರೆ ಮೂರೂ ಸಿಗುವುದಿಲ್ಲ, ದನಿಯಲ್ಲಿ ಸಿಗುತ್ತವೆ.

ಅರ್ಥವಾಗುವುದರಲ್ಲಿ ಎರಡು ಬಗೆ ಇದೆ ಎಂದೂ ಅವನು ಗುರುತಿಸುತ್ತಾನೆ. ಒಂದು ವಾಕ್ಯದ ಬದಲು ಅದೇ ಅರ್ಥದ ಇನ್ನೊಂದನ್ನು ಇಡಬಹುದಾದ ಬಗೆ. ಬದಲಿಗೆ ಬೇರೆ ಯಾವುದನ್ನೂ ಇಡಲಾಗದ ಬಗೆ ಇನ್ನೊಂದು. ಕವಿತೆಯ ಸಾಲು ಹಾಗೆ, ರಾಗವೂ ಹಾಗೆ. ಎರಡೂ ‘ಅರ್ಥವಾಗುವುದೇ’. ಸಂಗೀತದಲ್ಲಿ ಎರಡನೆಯದು ಮಾತ್ರ ಇದೆ, ಭಾಷೆಯಲ್ಲಿ ಎರಡೂ ಇವೆ ಎಂದು ಇಟ್ಟುಕೊಂಡರೆ ಹಾನ್ಸ್ಲಿಕ್ ಮತ್ತು ಮೆಂಡೆಲ್‌ಸನ್‌ರ ಜಗಳದ ಕಾವು ಬಹಳಷ್ಟು ಇಳಿಯುತ್ತದೆ. ನನಗೆ ಈ ಇಡೀ ಚರ್ಚೆಯಲ್ಲಿ ಹೆಚ್ಚು ಉಪಯುಕ್ತ ಎನಿಸಿದ ವಿಂಗಡಣೆ ಇದು.

ಮಿದುಳು ಮತ್ತು ಕಿವಿ ಏನನ್ನುತ್ತವೆ?

ಪ್ರಯೋಗಗಳು ತತ್ತ್ವಶಾಸ್ತ್ರದ ಪ್ರಶ್ನೆಗಳನ್ನು ಬಗೆಹರಿಸುವುದಿಲ್ಲ, ಆದರೆ ಎಲ್ಲೆಗಳನ್ನು ತೋರಿಸುತ್ತವೆ. ರಷ್ಯಾದ ಸಂಗೀತ ರಚನಕಾರ ವಿಸ್ಸಾರಿಯೊನ್ ಶೆಬಾಲಿನ್ ಪಾರ್ಶ್ವವಾಯುವಿನಿಂದ ಮಾತಾಡುವ, ಮಾತು ಗ್ರಹಿಸುವ ಶಕ್ತಿಯನ್ನು ಬಹಳಷ್ಟು ಕಳೆದುಕೊಂಡ ಮೇಲೂ ರಚನೆ ನಿಲ್ಲಿಸಲಿಲ್ಲ. ಐದನೆಯ ಸಿಂಫನಿಯನ್ನು 1962ರಲ್ಲಿ ಮುಗಿಸಿದ. ಇದರ ಉಲ್ಟಾ ಸ್ಥಿತಿಯೂ ಉಂಟು: ಮಾತು ಚೆನ್ನಾಗಿದ್ದು, ಪರಿಚಿತ ರಾಗವನ್ನೂ ಗುರುತಿಸಲಾರದವರು ಇದ್ದಾರೆ. ಹಾಗೆಂದು ಎರಡೂ ಪೂರ್ತಿ ಬೇರೆ ಎನ್ನಲೂ ಬರುವುದಿಲ್ಲ. ನಿರೀಕ್ಷೆಗೆ ಹೊಂದದ ಸ್ವರಮೇಳ ಕೇಳಿದಾಗ ಮಿದುಳಿನ ಬ್ರೋಕ ಪ್ರದೇಶ, ಅಂದರೆ ವಾಕ್ಯರಚನೆಯ ಜೊತೆ ಗುರುತಿಸಲಾಗುವ ಭಾಗ, ಪ್ರತಿಕ್ರಿಯಿಸುತ್ತದೆ ಎಂದು 2001ರಲ್ಲಿ ಜರ್ಮನಿಯ ಸಂಶೋಧಕರು ವರದಿ ಮಾಡಿದರು. ಪದಗಳ ಉಗ್ರಾಣ ಬೇರೆ, ಸ್ವರಗಳ ಉಗ್ರಾಣ ಬೇರೆ, ಜೋಡಿಸುವ ವ್ಯವಸ್ಥೆ ಮಾತ್ರ ಹಂಚಿಕೆಯದು ಎಂಬ ಸಂಶೋಧಕ ಅನಿರುದ್ಧ ಪಟೇಲ್ ಅವರ ಊಹೆ ಇವೆರಡನ್ನೂ ಹೊಂದಿಸಲು ನೋಡುತ್ತದೆ.

‘ವಿಶ್ವಭಾಷೆ’ಯ ಮಾತಿಗೂ ಅರ್ಧ ಬೆಂಬಲವಷ್ಟೇ ಸಿಕ್ಕಿದೆ. ಕ್ಯಾಮರೂನ್‌ನ ಮಾಫಾ ಜನ ಪಾಶ್ಚಾತ್ಯ ಸಂಗೀತದ ಪರಿಚಯವಿಲ್ಲದಿದ್ದರೂ ಅದರಲ್ಲಿನ ಸಂತೋಷ, ದುಃಖ, ಭಯದ ತುಣುಕುಗಳನ್ನು ಬರಿಯ ಊಹೆಗಿಂತ ಚೆನ್ನಾಗಿ ಗುರುತಿಸಿದರು ಎಂದು 2009ರ ಅಧ್ಯಯನ ಹೇಳಿತು. ಬೊಲಿವಿಯಾದ ತ್ಸಿಮಾನೆ ಜನರಿಗೆ ಮಾತ್ರ, 2016ರ ಅಧ್ಯಯನದ ಪ್ರಕಾರ, ಪಾಶ್ಚಾತ್ಯರಿಗೆ ಇಂಪಾದ ಸ್ವರಜೋಡಿಯೂ ಕರ್ಕಶವಾದದ್ದೂ ಸಮಾನವಾಗಿಯೇ ಹಿತ.

ಇನ್ನೊಂದು ಸಂಗತಿಯನ್ನು ಮನೆಯಲ್ಲೇ ಪರೀಕ್ಷಿಸಬಹುದು. 1995ರಲ್ಲಿ ಮನಶ್ಶಾಸ್ತ್ರಜ್ಞೆ ಡಯಾನಾ ಡಾಯ್ಚ್ ತಮ್ಮ ಧ್ವನಿಮುದ್ರಿತ ಮಾತನ್ನು ತಿದ್ದುತ್ತಿದ್ದಾಗ ಒಂದು ಸಣ್ಣ ಪದಗುಚ್ಛ ಮತ್ತೆ ಮತ್ತೆ ಕೇಳುತ್ತಲೇ ಇತ್ತು. ಸ್ವಲ್ಪ ಹೊತ್ತಿಗೆ ಅದು ಹಾಡಾಗಿ ಕೇಳತೊಡಗಿತು. ಮುದ್ರಣದಲ್ಲಿ ಒಂದು ಕೂದಲೆಳೆಯಷ್ಟೂ ಬದಲಾಗಿರಲಿಲ್ಲ. ಆಮೇಲೆ ಪೂರ್ತಿ ವಾಕ್ಯವನ್ನು ಹಾಕಿ ಕೇಳಿದರೆ, ಮಾತಾಡುತ್ತಿದ್ದವರು ಆ ಗುಚ್ಛ ಬಂದಾಗ ಇದ್ದಕ್ಕಿದ್ದಂತೆ ಹಾಡಿಗೆ ತಿರುಗಿದಂತೆ ಭಾಸವಾಗುತ್ತದೆ. ಫೋನಿನಲ್ಲಿ ಯಾರದ್ದಾದರೂ ಮಾತಿನ ಒಂದೆರಡು ಸೆಕೆಂಡಿನ ತುಣುಕನ್ನು ಕತ್ತರಿಸಿ ಹತ್ತಾರು ಸಲ ಹಾಕಿ ನೋಡಿ. ಎಲ್ಲ ತುಣುಕುಗಳೂ ಹಾಡಾಗುವುದಿಲ್ಲ. ಪ್ರತಿ ಅಕ್ಷರದಲ್ಲೂ ದನಿ ಹೆಚ್ಚು ಜಾರದೆ ಒಂದು ಮಟ್ಟದಲ್ಲಿ ನಿಲ್ಲುವಂಥವು ಬೇಗ ಹಾಡಾಗುತ್ತವೆ.